ಒಂಬತ್ತನೇ ಎಪಿಸೋಡಿನಿಂದ

ಜನವರಿ 14

ಅಕ್ಕಾ,

ನಿನ್ನ ಕಾಗದ ಬಂತು. ಕವರಿನ ಮೇಲಿನ ಅಕ್ಷರ ಸೊಟ್ಟಗಿತ್ತು, ಕೈ ನಡುಗುವುದು ಶುರುವಾಯಿತೇನೋ ಅಂತ ಅರ್ಧ ದಿನ ಹೆದರಿಕೊಂಡಿದ್ದೆ. ಒಡೆದು ಒಳಗಿನ ಅಕ್ಷರ ನೋಡಿದ ಮೇಲೆ ಸಮಾಧಾನವಾಯಿತು. ಫೋನು ಮಾಡು ಅಂದಿದ್ದೀಯ. ಮಾಡಿದರೆ ನಿನಗೆ ಕೇಳುವುದಿಲ್ಲ, ನಾನು ಕಿರುಚಬೇಕು, ಕಿರುಚಿದರೆ ನಿನ್ನೊಬ್ಬಳನ್ನು ಬಿಟ್ಟು ಬೀದಿಗೆಲ್ಲ ಕೇಳುತ್ತದೆ. ಕಾಗದವೇ ವಾಸಿ. ಆರನೇ ಕ್ಲಾಸಿಗೆ ಬಿಟ್ಟವಳ ಬರವಣಿಗೆ, ತಪ್ಪು ಕಂಡರೆ ಕನ್ನಡಕ ತೆಗೆದು ಓದು.

ಪುಟ್ಟಿ ಹೋದ ಮೇಲೆ ವರ್ಷ ಬದಲಾಯಿತು ಅನ್ನುವುದು ಯಾರೋ ಹೊಸ ಕ್ಯಾಲೆಂಡರು ತಂದು ಕೊಟ್ಟಾಗಲೇ ಗೊತ್ತಾದದ್ದು. ಅಳು ಬರುತ್ತದಾ ಅಂತ ಕೇಳಿದ್ದೀಯ. ಇಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ದವಡೆ ಮುಟ್ಟಿಕೊಂಡರೆ ಬೇರೆ ಯಾರದ್ದೋ ದವಡೆ ಮುಟ್ಟಿದ ಹಾಗಿರುತ್ತದೆ. ಮೈಯೆಲ್ಲ ಹಾಗಿದೆ. ಒಂದೇ ಮಗಳು ಹೋದರೂ ಕಣ್ಣಲ್ಲಿ ನೀರಿಲ್ಲ, ಎಂಥಾ ತಾಯಿ ಅಂತ ಜನ ಅಂದುಕೊಳ್ಳುತ್ತಾರೇನೋ. ಅದೊಂದು ಯೋಚನೆ.

ಭಾನುವಾರ ಚರ್ಚಿಗೆ ಪೂಜೆಗೆ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಪರಲೋಕ ಜಪದಲ್ಲಿ ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ವಿಷಯ ಬರುತ್ತದಲ್ಲ, ಅಲ್ಲಿ ಬಾಯಿ ನಿಂತುಹೋಗುತ್ತದೆ. ಉಳಿದವರು ಅದನ್ನು ದಾಟಿದ ಮೇಲೆ ಮುಂದಿನ ಸಾಲಿಗೆ ಸೇರಿಕೊಳ್ಳುತ್ತೇನೆ. ಹೀಗಿರುವಾಗ ಪರಮಪ್ರಸಾದಕ್ಕೆ ಯಾವ ಮುಖ ಇಟ್ಟುಕೊಂಡು ಏಳಲಿ. ಏಳುವುದಿಲ್ಲ.

ಆ ತಪ್ಪು ಮಾಡಿದವರು ಯಾರು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಗುಂಗುರು. ಅವಳ ಕೂದಲು ನೋಡಿ ಆ ಹೆಸರಿಟ್ಟವಳು ನಮ್ಮ ಪುಟ್ಟಿಯೇ. ಸ್ಕೂಟರು ಓಡಿಸಿದವಳು ಗುಂಗುರು, ನಿಂತ ಲಾರಿಗೆ ಕೊಂಡುಹೋಗಿ ಹೊಡೆದವಳು ಗುಂಗುರು, ಇದ್ದ ಒಂದೇ ಹೆಲ್ಮೆಟ್ಟು ಇದ್ದದ್ದು ಗುಂಗುರಿನ ತಲೆಯ ಮೇಲೆ. ಕೋರ್ಟಿನಲ್ಲಿ ಏನೋ ಆಗಿ ಮುಗಿಯಿತಂತೆ. ನಾನು ಹೋಗಲಿಲ್ಲ.

ಈಗ ಕೇಳು. ನಮ್ಮ ಆಸ್ಪತ್ರೆ ಲಾಂಡ್ರಿಯಲ್ಲಿ ದೊಡ್ಡ ಬೆಡ್‌ಶೀಟು ಒಬ್ಬರೇ ಮಡಚಲಾಗುವುದಿಲ್ಲ, ಜೋಡಿ ಬೇಕು. ಪುಟ್ಟಿ ಅಲ್ಲಿ ಕೆಲಸ ಮಾಡುವಾಗ ಗುಂಗುರು ಅವಳಿಗೆ ಜೋಡಿಯಾಗಿದ್ದಳು. ನನ್ನ ಜೋಡಿಯವಳು ಮಂಡಿನೋವು ಅಂತ ಹೋದ ತಿಂಗಳು ಕೆಲಸ ಬಿಟ್ಟಳು. ಸೂಪರ್‌ವೈಸರು ಬಂದು, “ಅಮ್ಮಾ, ಜೋಡಿ ಇಲ್ದೋರು ಉಳಿದಿರೋದು ನೀವಿಬ್ರೇ. ನನ್ನ ಬೈಬೇಡಿ, ನಾನೇನ್ಮಾಡ್ಲಿ,” ಅಂದ. ಬೈಯಲಿಲ್ಲ. ಅವಳು ಆ ತುದಿ ಹಿಡಿಯುತ್ತಾಳೆ, ನಾನು ಈ ತುದಿ. ಮಾತಿಲ್ಲ.

ಕೇಳಬೇಕಾದದ್ದು ಬೇರೆಯೇ ಇದೆ. ಪುಟ್ಟಿಯ ಟ್ಯಾಬಿನಲ್ಲಿ ಕೊರಿಯಾ ದೇಶದ ಸೀರಿಯಲ್ಲುಗಳಿವೆ, ನಮ್ಮ ಮಾತಿನಲ್ಲೇ ಡಬ್ಬಿಂಗ್ ಮಾಡಿದ್ದಾರೆ. ಮೂರು ಅರ್ಧಕ್ಕೆ ನಿಂತಿವೆ. ಅವಳು ಎಲ್ಲಿ ನಿಲ್ಲಿಸಿದಳೋ ಅಲ್ಲಿವರೆಗೆ ಕೆಳಗೊಂದು ಕೆಂಪು ಗೆರೆ. ಅಲ್ಲಿಂದ ಮುಂದಕ್ಕೆ ನಾನು ನೋಡುತ್ತಿದ್ದೇನೆ. ಅವಳು ಬಿಟ್ಟಿದ್ದನ್ನು ಮುಗಿಸಿದರೆ ಅವಳ ಆತ್ಮಕ್ಕೆ ಏನಾದರೂ ಶಾಂತಿ ಸಿಗುತ್ತದಾ ಅಂತ. ಇದು ಮೂಢನಂಬಿಕೆಯೋ, ಪಾಪವೋ? ಗುರುಗಳನ್ನು ಕೇಳಲು ನಾಚಿಕೆ. ನೀನು ಮಠದ ಸಿಸ್ಟರು, ನಿನಗೆ ಗೊತ್ತಿರುತ್ತದೆ.

ನಿನ್ನ
ತಂಗಿ


ಜನವರಿ 27

ಪ್ರಿಯ ತಂಗಿ,

ಕೈ ನಡುಗುತ್ತಿಲ್ಲ. ಕವರನ್ನು ಮಂಡಿಯ ಮೇಲಿಟ್ಟು ಬರೆದೆ, ಅಷ್ಟೆ. ನನ್ನ ಕೈಯ ಚಿಂತೆ ಬಿಡು.

ಸೀರಿಯಲ್ಲು ಮುಗಿಸಿದರೆ ಸತ್ತವರಿಗೆ ಶಾಂತಿ ಸಿಗುತ್ತದೆ ಎಂದು ಧರ್ಮಸಭೆ ಎಲ್ಲಿಯೂ ಹೇಳಿಲ್ಲ. ಮುಗಿಸಬಾರದು ಎಂದೂ ಹೇಳಿಲ್ಲ. ಪುಟ್ಟಿಗೋಸ್ಕರ ನಾನು ದಿನವೂ ಜಪಸರ ಹೇಳುತ್ತಿದ್ದೇನೆ, ಆ ಕಡೆ ನಾನು ನೋಡಿಕೊಳ್ಳುತ್ತೇನೆ. ನೀನು ಆ ಪೆಟ್ಟಿಗೆಯ ಮುಂದೆ ಸುಮ್ಮನೆ ಕೂರಬೇಡ. ಒಂದೊಂದು ಕಥೆಯಿಂದ ಒಂದೊಂದು ಒಳ್ಳೆಯ ನೀತಿ ಹುಡುಕಿ ನನಗೆ ಬರೆ. ನಾವು ಚಿಕ್ಕವರಿದ್ದಾಗ ಧರ್ಮೋಪದೇಶದ ಕ್ಲಾಸಿನಲ್ಲಿ ಕಥೆ ಹೇಳಿ ಕೊನೆಗೆ “ಇದರಿಂದ ಏನು ಕಲಿತಿರಿ” ಎಂದು ಕೇಳುತ್ತಿದ್ದರಲ್ಲ, ಹಾಗೆ. ನೀನು ಆಗ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದೆ. ಉತ್ತರ ತಪ್ಪಿರುತ್ತಿತ್ತು, ಆ ಮಾತು ಬೇರೆ.

ಆ ಹುಡುಗಿಯ ವಿಷಯ ನಾನು ಏನೂ ಬರೆಯುವುದಿಲ್ಲ. ನಿನ್ನ ಬಾಯಿ ನಿಲ್ಲುವ ಕಡೆ ನಾನು ನಿನ್ನ ಪರವಾಗಿ ಹೇಳುತ್ತಿದ್ದೇನೆ. ಬಹಳ ದಿನ ಹಾಗೆ ಮಾಡಲಾಗುವುದಿಲ್ಲ.

ಪ್ರಾರ್ಥನೆಯಲ್ಲಿ ನಿನ್ನನ್ನು ನೆನೆಯುವ
ಅಕ್ಕ


ಫೆಬ್ರವರಿ 9

ಅಕ್ಕಾ,

ನೀನು ಹೇಳಿದ ಹಾಗೆ ಮಾಡುತ್ತಿದ್ದೇನೆ. ನೀತಿ ಸರಿಯಿಲ್ಲದಿದ್ದರೆ ಗೆರೆ ಎಳೆದು ಕಳಿಸು.

ಮೊದಲನೆಯದು ಒಬ್ಬ ಕಂಪನಿ ಯಜಮಾನನ ಮಗನ ಕಥೆ. ಅವನಿಗೆ ಏನೋ ಪೆಟ್ಟಾಗಿ ಎಲ್ಲ ಮರೆತುಹೋಗಿದೆ. ಅಪ್ಪನನ್ನು ಮರೆತಿದ್ದಾನೆ, ಮನೆ ಮರೆತಿದ್ದಾನೆ, ಆದರೆ ತಲೆ ಬಾಚುವುದನ್ನು ಮರೆತಿಲ್ಲ, ಒಂದು ಕೂದಲೂ ಆಚೀಚೆ ಆಗುವುದಿಲ್ಲ. ಇವರು ಅಳುವಾಗ ಎಷ್ಟು ಚೆನ್ನಾಗಿ ಅಳುತ್ತಾರೆ ಅಕ್ಕ. ಒಂದೇ ಹನಿ ಕೆನ್ನೆಯ ಮೇಲೆ ನೆಟ್ಟಗೆ ಇಳಿಯುತ್ತದೆ. ಮೂಗು ಸೋರುವುದಿಲ್ಲ. ಡಬ್ಬಿಂಗಿನಲ್ಲಿ ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಿರುತ್ತದೆ, ಅದು ನನಗೆ ಹಿಡಿಸುತ್ತದೆ. ಯಾಕೆ ಅಂತ ಗೊತ್ತಿಲ್ಲ.

ಜೋರು ಮಳೆ. ಬಸ್ ಸ್ಟಾಪಿನಲ್ಲಿ ಒಬ್ಬಳು ಹುಡುಗಿ ನಿಂತಿದ್ದಾಳೆ. ಇವನು ತನ್ನ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದು ತಾನು ಪೂರ್ತಿ ನೆನೆಯುತ್ತಾನೆ. ಅಷ್ಟು ದೊಡ್ಡ ಕಾರಿಟ್ಟುಕೊಂಡವನು ಇನ್ನೊಂದು ಕೊಡೆ ಇಟ್ಟುಕೊಳ್ಳಬಾರದಾ ಅಂತ ಮೊದಲು ಅನಿಸಿತು. ಆಮೇಲೆ ನೀತಿ ಹೊಳೆಯಿತು. ಇಬ್ಬರಿದ್ದು ಒಂದೇ ಇದ್ದರೆ, ಅದನ್ನು ತನಗೆ ಇಟ್ಟುಕೊಳ್ಳಬಾರದು, ಪಕ್ಕದವರ ತಲೆಗೆ ಕೊಡಬೇಕು. ಪರರನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದು ಇದೇ ತಾನೆ.

ಇದನ್ನು ಬರೆದು ಪೆನ್ನು ಇಟ್ಟುಬಿಟ್ಟೆ. ಉಳಿದದ್ದು ಬೆಳಿಗ್ಗೆ ಎದ್ದು ಬರೆಯುತ್ತಿದ್ದೇನೆ.

ಲಾಂಡ್ರಿ ಹಾಗೇ ನಡೆದಿದೆ. ಶೀಟಿನ ಎರಡೆರಡು ಮೂಲೆ ಇಬ್ಬರೂ ಹಿಡಿದು ಝಾಡಿಸಬೇಕು, ಎಳೆಯಬೇಕು, ಉದ್ದಕ್ಕೆ ಮಡಚಬೇಕು. ಆಮೇಲೆ ಒಬ್ಬರು ನಡೆದು ಬಂದು ಇನ್ನೊಬ್ಬರ ಕೈಗೆ ಮೂಲೆ ಕೊಡಬೇಕು. ನಡೆದು ಬರುವವಳು ಅವಳು. ಬೆರಳು ತಗಲುತ್ತದೆ. ಅವಳ ಬೆರಳು ಯಾವಾಗಲೂ ತಣ್ಣಗಿರುತ್ತದೆ, ಅಷ್ಟು ಬಿಸಿ ಶೀಟು ಹಿಡಿದೂ. ಅವಳಿಗೆ ರಕ್ತ ಕಮ್ಮಿಯೇನೋ. ನನಗ್ಯಾಕೆ.

ನಿನ್ನ
ತಂಗಿ


ಫೆಬ್ರವರಿ 24

ಪ್ರಿಯ ತಂಗಿ,

ಕೊಡೆಯ ನೀತಿ ಓದಿದೆ. ಗೆರೆ ಎಳೆದಿಲ್ಲ. ಅದು ಕೊಡೆಯ ಬಗ್ಗೆ ಬರೆದದ್ದಲ್ಲ ಎಂದು ಗೊತ್ತಾಯಿತು.

ಇಲ್ಲಿನ ಸುದ್ದಿ ಕೇಳಿದರೆ ನಗುತ್ತೀ. ನಾನು ನೋಡಿಕೊಳ್ಳುವ ಮುದಿ ಸಿಸ್ಟರುಗಳಿಗೆ ನಿನ್ನ ಕಾಗದ ಓದಿ ಹೇಳಿದೆ. ಈಗ ಅವರಿಗೂ ಆ ಕಂಪನಿ ಯಜಮಾನನ ಮಗ ಬೇಕಂತೆ. ಮಠದ ಮೇಲ್ವಿಚಾರಣೆಯ ಮದರ್ ಹತ್ತಿರ ಅಪ್ಪಣೆ ಕೇಳಿದ್ದಕ್ಕೆ, ವಾರಕ್ಕೊಮ್ಮೆ, ಅದೂ ಬಟ್ಟೆ ಹೊಲಿಯುತ್ತಾ ನೋಡುವುದಾದರೆ ಸರಿ ಎಂದರು. ನಮ್ಮ ದೊಡ್ಡ ಸಿಸ್ಟರು ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಹಾಸಿಗೆಯಿಂದಲೇ ತೀರ್ಪು ಕೊಡುತ್ತಾರೆ. “ಇವನು ಹೋಗಿ ಒಂದು ಪಾಪನಿವೇದನೆ ಮಾಡಿ ಬಂದಿದ್ರೆ ಮೂರನೇ ವಾರಕ್ಕೇ ಕಥೆ ಮುಗೀತಿತ್ತು. ಎಲ್ಲ ಮುಚ್ಚಿಟ್ಟುಕೊಂಡು ನಮ್ಮ ಹೊತ್ತು ಹಾಳು ಮಾಡ್ತಾನೆ,” ಎಂದರು. ಇನ್ನೊಬ್ಬರು, “ನಿವೇದನೆ ಮಾಡಿಬಿಟ್ರೆ ನಾವು ಏನು ನೋಡೋದು,” ಎಂದರು. ಹೊಲಿಗೆ ಒಂದೂ ಆಗಲಿಲ್ಲ.

ನಿನ್ನನ್ನು ಒಂದು ಕೇಳುತ್ತೇನೆ. ಆ ಹುಡುಗಿ ನಿನ್ನ ಹತ್ತಿರ ಬಂದು ಏನಾದರೂ ಹೇಳಿದ್ದಾಳೆಯೆ? ಅಥವಾ ಹೇಳಲು ನೀನು ಬಿಟ್ಟಿದ್ದೀಯೆ?

ನಿನ್ನ
ಅಕ್ಕ


ಮಾರ್ಚ್ 20

ಅಕ್ಕಾ,

ತಡವಾಯಿತು. ಕೆಮ್ಮಿತ್ತು. ಕ್ಷಯವೇನೋ ಅಂತ ಹೆದರಿ ಎಕ್ಸ್‌ರೇ ತೆಗೆಸಿದೆ, ಏನೂ ಇಲ್ಲವಂತೆ, ಬರೀ ಬಟ್ಟೆಯ ಧೂಳು. ಡಾಕ್ಟರು ತಪ್ಪು ನೋಡಿರಬಹುದಾ ಅಂತ ಇನ್ನೂ ಅನುಮಾನ.

ನೀನು ಕೇಳಿದ್ದಕ್ಕೆ ಉತ್ತರ. ಬಂದಿದ್ದಳು, ಮೊದಲ ತಿಂಗಳು. ಬಾಗಿಲ ಹೊರಗೆ ನಿಂತಿದ್ದಳು. ನಾನು ತೆಗೆಯಲಿಲ್ಲ. ಆಮೇಲೆ ಬಂದಿಲ್ಲ.

ಕಂಪನಿ ಯಜಮಾನನದ್ದು ಮುಗಿಯಿತು, ಇನ್ನೊಂದು ವಕೀಲರದ್ದು, ಅದೂ ಮುಗಿಯಿತು. ಈಗ ಮೂರನೆಯದು. ಇದು ಬಹಳ ಚೆನ್ನಾಗಿದೆ. ಪುಟ್ಟಿ ಒಂಬತ್ತನೇ ಎಪಿಸೋಡಿನ ಮಧ್ಯೆ ಬಿಟ್ಟಿದ್ದಳು, ಅಲ್ಲಿಂದ ಹಿಡಿದೆ. ಒಬ್ಬಳು ಅಜ್ಜಿ ಸಣ್ಣ ಹೋಟೆಲಿಟ್ಟುಕೊಂಡು ಸೂಪು ಮಾರುತ್ತಾಳೆ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಬ್ಬಳು ಹುಡುಗಿ ಬಂದು ನಿಂತಿರುತ್ತಾಳೆ. ತಣ್ಣೀರಿನಲ್ಲಿ ಪಾತ್ರೆ ತೊಳೆಯುತ್ತಾಳೆ, ನೆಲ ಒರೆಸುತ್ತಾಳೆ, ಕಸ ಹೊರುತ್ತಾಳೆ. ಸಂಬಳವಿಲ್ಲ, ಊಟವಿಲ್ಲ. ಅಜ್ಜಿ ಅವಳ ಮುಖ ನೋಡಿ ಮಾತಾಡುವುದಿಲ್ಲ. ಒಂದು ದಿನ ಕೊಳೆನೀರು ತೆಗೆದು ಅವಳ ಕಾಲ ಮೇಲೇ ಚೆಲ್ಲಿದಳು. ಹುಡುಗಿ ತಲೆ ಬಗ್ಗಿಸಿ ಅದನ್ನೂ ಒರೆಸಿದಳು.

ನಮ್ಮ ಧರ್ಮೋಪದೇಶದಲ್ಲಿ ದಯಾಕಾರ್ಯಗಳು ಅಂತ ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಒಂದೊಂದಾಗಿ ಎಲ್ಲವನ್ನೂ ಈ ಹುಡುಗಿ ಮಾಡುತ್ತಿದ್ದಾಳೆ. ಬೈದರೆ ತಿರುಗಿ ಮಾತಾಡುವುದಿಲ್ಲ. ನನ್ನನ್ನು ಕೇಳಿದರೆ ಇವಳು ಸಂತರ ಸಾಲಿಗೆ ಸೇರಬೇಕಾದವಳು. ನೀತಿ ಏನೆಂದರೆ, ಪ್ರತಿಫಲ ಕೇಳದೆ ಸೇವೆ ಮಾಡು, ತಾಳ್ಮೆಯಿಂದಿರು.

ಅಜ್ಜಿಯ ಮೇಲೆ ಮಾತ್ರ ಎಂಥಾ ಕೋಪ ಬಂತು ಗೊತ್ತಾ. ಎಂಥಾ ಕಲ್ಲು ಹೆಂಗಸಪ್ಪಾ. ಮಗು ಆ ಚಳಿಯಲ್ಲಿ ಅಷ್ಟು ಮಾಡುತ್ತದೆ, ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಆಡಿದರೆ ಇವಳ ಗಂಟೇನು ಹೋಗುತ್ತದೆ? ಟ್ಯಾಬಿನ ಹತ್ತಿರ ಬಾಯಿಬಿಟ್ಟೇ ಬೈದೆ. ಬೈದ ಮೇಲೆ ಆಶ್ಚರ್ಯವಾಯಿತು, ಇಷ್ಟು ತಿಂಗಳಿಗೆ ಏನೋ ಒಂದು ಬಂತಲ್ಲ ಅಂತ. ಕೋಪವಾದರೇನು, ಬಂತಲ್ಲ.

ತಂಗಿ


ಏಪ್ರಿಲ್ 2

ಪ್ರಿಯ ತಂಗಿ,

ಕೋಪ ಬಂದದ್ದು ಒಳ್ಳೆಯದೇ. ಆದರೆ ಮಧ್ಯದಿಂದ ನೋಡಿ ತೀರ್ಪು ಕೊಡುವುದು ಸರಿಯಲ್ಲ. ಆ ಹುಡುಗಿ ಅಲ್ಲಿಗೆ ಯಾಕೆ ಬರುತ್ತಾಳೆ? ಅಜ್ಜಿ ಯಾಕೆ ಹಾಗಿದ್ದಾಳೆ? ಸುಮ್ಮಸುಮ್ಮನೆ ಯಾರೂ ಕಲ್ಲಾಗುವುದಿಲ್ಲ. ದೊಡ್ಡ ಸಿಸ್ಟರು ಕೂಡ, “ಮೊದಲ ಎಂಟು ನೋಡದೆ ಸಂತ ಪದವಿ ಕೊಟ್ಟುಬಿಟ್ಟಳಲ್ಲ ನಿನ್ನ ತಂಗಿ, ರೋಮಿನವರೂ ಇಷ್ಟು ಅವಸರ ಮಾಡಲ್ಲ,” ಎಂದರು. ಹಿಂದಿನದ್ದನ್ನು ನೋಡಿ ಆಮೇಲೆ ಬರೆ.

ಹಾಗೆ ನೋಡುವುದು ಬೇಡವೆನಿಸಿದರೆ, ನೋಡಿದವರು ಯಾರನ್ನಾದರೂ ಕೇಳು.

ಅಕ್ಕ


ಏಪ್ರಿಲ್ 16

ಅಕ್ಕಾ,

ಹಿಂದಿನ ಎಂಟನ್ನು ನಾನು ನೋಡಲಾರೆ. ಅವು ಪುಟ್ಟಿ ನೋಡಿದವು. ಇಲ್ಲಿ ಅವಳು ನಕ್ಕಿರಬೇಕು, ಇಲ್ಲಿ ಎದ್ದು ನೀರು ಕುಡಿದಿರಬೇಕು ಅಂತ ಹುಡುಕುತ್ತಾ ಕೂರುತ್ತೇನೆ. ಅದು ಬೇಡ.

ನೋಡಿದವರನ್ನು ಕೇಳು ಅಂದೆ. ನೋಡಿದವರು ಯಾರು ಅಂತ ನೀನು ಯೋಚಿಸಿದ್ದೆಯೋ ಇಲ್ಲವೋ. ಪುಟ್ಟಿಯ ಜೊತೆ ಕೂತು ನೋಡುತ್ತಿದ್ದವಳು ಒಬ್ಬಳೇ.

ಮೊನ್ನೆ ಶೀಟು ಮಡಚುವಾಗ ಕೇಳಿಬಿಟ್ಟೆ. ಬಾಯಿಂದ ಹೇಗೆ ಬಂತೋ. ಪುಟ್ಟಿ ಹೋದ ಮೇಲೆ ಅವಳೊಡನೆ ಮಾತಾಡಿದ್ದು ಅದೇ ಮೊದಲು.

“ಆ ಸೂಪಿನ ಅಜ್ಜಿ ಕಥೆ ನೀನು ಮೊದಲಿಂದ ನೋಡಿದ್ದೀಯಾ?”

ಅವಳು ಆ ತುದಿಯಲ್ಲಿ ಎರಡು ಮೂಲೆ ಹಿಡಿದು ಹಾಗೇ ನಿಂತಳು. “ಎಂಟು ನೋಡಿದ್ದೀವಿ ಆಂಟಿ. ನಾವಿಬ್ರೂ.”

“ಆ ಹುಡುಗಿ ಅಜ್ಜಿಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ.”

“ಮತ್ತೆ ಯಾಕೆ ಬಂದು ಬಂದು ಬೈಸ್ಕೊಳ್ತಾಳೆ, ತಲೆ ಸರಿಯಿಲ್ವಾ ಅವಳಿಗೆ?”

ಪಕ್ಕದಲ್ಲಿ ಒಣಗಿಸುವ ಮಷೀನಿನ ಡ್ರಮ್ಮು ತಿರುಗುತ್ತಿತ್ತು. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಕೇಳಿದೆ.

“ಬೇರೆ ಯಾವ್ದಾದ್ರೂ ಕಥೆ ಹೇಳ್ಲಾ ಆಂಟಿ?” ಅಂದಳು.

“ಇದನ್ನೇ ಹೇಳು.”

“ಅವಳು ಮಕ್ಕಳಿಗೆ ಈಜು ಕಲಿಸೋಳು. ಅಜ್ಜಿಗೆ ಒಬ್ನೇ ಮೊಮ್ಮಗ ಇದ್ದ, ಅಲ್ಲಿಗೆ ಬರ್ತಿದ್ದ. ಒಂದಿನ ಫೋನ್ ಬಂತು ಅಂತ ಇವಳು ಆ ಕಡೆ ತಿರುಗಿದ್ಲು.” ಅವಳು ಶೀಟನ್ನು ನೋಡುತ್ತಾ ಹೇಳಿದಳು. “ಅಷ್ಟೇ ಆಂಟಿ. ತಿರುಗಿದ್ಲು, ಅಷ್ಟೇ.”

ಶೀಟು ಇಬ್ಬರ ಮಧ್ಯೆ ಹಾಗೇ ಇತ್ತು. ಸೂಪರ್‌ವೈಸರು ಆ ಕಡೆಯಿಂದ, “ಏನ್ರೀ, ಪರದೆ ಕಟ್ತಾ ಇದ್ದೀರಾ?” ಅಂದ. ಅವಳು ನಡೆದು ಬಂದು ನನ್ನ ಕೈಗೆ ಮೂಲೆ ಕೊಟ್ಟಳು.

ಅವಳು ಸುಳ್ಳು ಹೇಳಬಹುದಿತ್ತು ಅಕ್ಕ. ಆ ಹುಡುಗಿ ಅನಾಥೆ, ಅಜ್ಜಿ ಸಾಕಿದವಳು, ಹೀಗೆ ಏನಾದರೂ ಒಂದು. ನಾನು ಒಂಬತ್ತರಿಂದ ನೋಡಿದವಳು, ನನಗೇನು ತಿಳಿಯುತ್ತಿತ್ತು.

ಆ ಹುಡುಗಿಯನ್ನು ಸಂತಳ ಹಾಗೆ ಅಂತ ಬರೆದಿದ್ದೆನಲ್ಲ, ಆ ಕಾಗದ ಹರಿದುಹಾಕು. ಅಜ್ಜಿಯನ್ನು ಬೈದಿದ್ದೆನಲ್ಲ, ಅದನ್ನೂ.

ತಂಗಿ


ಏಪ್ರಿಲ್ 28

ಪ್ರಿಯ ತಂಗಿ,

ಹರಿಯುವುದಿಲ್ಲ.

ನೀನು ಆ ಸೂಪಿನ ಹೋಟೆಲಿನ ಹುಡುಗಿಯ ತಪ್ಪು ಗೊತ್ತಾಗುವ ಮುಂಚೆ ಅವಳ ಕೈಕೆಲಸ ನೋಡಿದೆ, ನೋಡಿ ಇಷ್ಟಪಟ್ಟೆ. ಪಶ್ಚಾತ್ತಾಪ ಪಟ್ಟವರನ್ನು ದೇವರು ಹಾಗೆಯೇ ನೋಡುತ್ತಾನೆ ಎಂದು ನಮಗೆ ಕಲಿಸಿದ್ದಾರೆ. ತಪ್ಪನ್ನು ಬಿಟ್ಟು ಉಳಿದದ್ದನ್ನು. ಮನುಷ್ಯರಿಗೆ ಹಾಗೆ ನೋಡಲು ಆಗುವುದಿಲ್ಲ, ಯಾಕೆಂದರೆ ನಮಗೆ ಮೊದಲ ಎಪಿಸೋಡು ಗೊತ್ತಿರುತ್ತದೆ. ನಿನಗೆ ಒಂದು ಸಲ ಹಾಗೆ ನೋಡುವ ಅವಕಾಶ ಸಿಕ್ಕಿತು. ಅದು ಸುಮ್ಮನೆ ಸಿಕ್ಕಿದ್ದಲ್ಲ ಎಂದು ನನ್ನ ನಂಬಿಕೆ.

ಕ್ಷಮಿಸುವುದೆಂದರೆ ಮನಸ್ಸು ಕರಗುವುದಲ್ಲ. ಅದು ಮಾಡುವ ಕೆಲಸ. ಪಾತ್ರೆ ತೊಳೆದ ಹಾಗೆ. ಇಷ್ಟವಾದರೆ ತೊಳೆಯುತ್ತೇವೆಯೇ?

ಗುಂಗುರಿನ ಜೊತೆ ಮಾತಾಡು. ಒಂದು ಸಲ ಬಾಯಿ ತೆರೆದಿದೆ, ಮತ್ತೆ ಮುಚ್ಚಬೇಡ.

ನಿನ್ನ
ಅಕ್ಕ


ಮೇ 5

ಅಕ್ಕಾ,

ಕಾಗದ ಬಂತು. ಮಠದೊಳಗೆ ಕೂತು ಬರೆಯುವುದು ಸುಲಭ. ಪಾತ್ರೆ ತೊಳೆದ ಹಾಗೆ ಅಂದೆ. ನಿನಗೆ ಮಕ್ಕಳಿಲ್ಲ. ಇದ್ದಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಇನ್ನು ನೀತಿ ಬರೆಯುವುದಿಲ್ಲ. ಸೂಪಿನ ಕಥೆ ನಿಲ್ಲಿಸಿದ್ದೇನೆ. ಕೊನೆಯ ಎಪಿಸೋಡು ಉಳಿದಿದೆ. ಅಜ್ಜಿ ಏನು ಮಾಡುತ್ತಾಳೆ ಅಂತ ನೀವು ಯಾರಾದರೂ ನೋಡಿದರೆ ನನಗೆ ತಿಳಿಸಬೇಡಿ.

ತಂಗಿ


ಮೇ 13

ತಂಗಿ,

ಹೌದು, ಮಕ್ಕಳಿಲ್ಲ. ಪುಟ್ಟಿ ಇದ್ದಳು.

ಅಕ್ಕ


ಆಗಸ್ಟ್ 22

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಒಂದು ಸಾಲಿನ ಕಾಗದ ಅಡುಗೆಮನೆಯ ಕಿಟಕಿಯಲ್ಲಿದೆ. ಅದಕ್ಕೆ ಏನು ಉತ್ತರ ಬರೆಯುವುದು ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ನಾನು ಹಾಗೆ ಬರೆಯಬಾರದಿತ್ತು. ನಿನಗೆ ಹುಷಾರಿದೆ ತಾನೆ? ಇಲ್ಲದಿದ್ದರೆ ಮದರ್ ಆದರೂ ತಿಳಿಸುತ್ತಿದ್ದರು ಅಂತ ಸಮಾಧಾನ ಮಾಡಿಕೊಂಡಿದ್ದೆ. ಅವರ ಹತ್ತಿರ ನನ್ನ ವಿಳಾಸ ಇದೆಯಾ?

ಮೇ ತಿಂಗಳಿಂದ ಗುಂಗುರಿನ ಜೊತೆ ಮತ್ತೆ ಮಾತಿರಲಿಲ್ಲ. ಶೀಟು ಮಡಚಿದೆವು. ಹೋದ ವಾರ ಸೂಪರ್‌ವೈಸರು ಬಂದು ಸಣ್ಣ ದನಿಯಲ್ಲಿ, “ಅಮ್ಮಾ, ನಿಮ್ಗೊಂದು ಒಳ್ಳೆ ಸುದ್ದಿ. ಆ ಹುಡುಗಿ ಶನಿವಾರ ಕೆಲಸ ಬಿಡ್ತಾಳೆ. ಸೋಮವಾರದಿಂದ ಬೇರೆ ಜೋಡಿ ಕೊಡ್ತೀನಿ,” ಅಂದ. ಯಾಕೆ ಬಿಡುತ್ತಾಳೆ ಅಂತ ಕೇಳಿದೆ. “ನನ್ನೇ ಕೇಳ್ತೀರಲ್ಲ,” ಅಂದ.

ಒಳ್ಳೆ ಸುದ್ದಿ ಅಂದಿದ್ದ, ಒಳ್ಳೆಯದು ಅನಿಸಲಿಲ್ಲ. ಕೆಟ್ಟದ್ದು ಅಂತಲೂ ಅನಿಸಲಿಲ್ಲ. ಒಂದೇ ಯೋಚನೆ ಬಂತು. ಅವಳು ಹೋದರೆ ಆ ದಿನ ಪುಟ್ಟಿಯ ಜೊತೆ ಇದ್ದವರು ನನ್ನ ಕಣ್ಣೆದುರು ಯಾರೂ ಇರುವುದಿಲ್ಲ. ಕೇಳಬೇಕಾದದ್ದನ್ನು ಯಾವತ್ತೂ ಕೇಳಲಾಗುವುದಿಲ್ಲ. ಗುರುವಾರ ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದರು. ಅವಳು ಬಟ್ಟೆಯ ಗಂಟುಗಳ ಹಿಂದೆ ಡಬ್ಬಿ ತೆಗೆದುಕೊಂಡು ಒಬ್ಬಳೇ ಕೂತಿದ್ದಳು. ಹೋಗಿ ಎದುರಿಗೆ ನಿಂತೆ. ಅವಳು ಡಬ್ಬಿ ಮುಚ್ಚಿ ಎದ್ದು ನಿಂತಳು.

“ಹೆಲ್ಮೆಟ್ಟು ಯಾಕೆ ನಿನ್ನ ತಲೆ ಮೇಲಿತ್ತು?” ಅಂತ ಕೇಳಿದೆ.

ಅವಳ ಬಾಯಲ್ಲಿ ಇನ್ನೂ ತುತ್ತಿತ್ತು, ನುಂಗಿದಳು. “ಒಂದೇ ಇತ್ತು ಆಂಟಿ. ನಾನು ಹಾಕ್ಕೊಂಡೆ.”

“ಅವಳು ಬೇಡ ಅಂದ್ಲಾ?”

“ಇಲ್ಲ. ನಾನು ಕೇಳ್ಲೇ ಇಲ್ಲ.”

“ಲಾರಿ ಕಾಣಲಿಲ್ವಾ?”

“ಅವಳು ಏನೋ ಹೇಳಿದ್ಲು. ಕೇಳಿಸ್ಲಿಲ್ಲ. ಏನೇ ಅಂತ ಹಿಂದೆ ತಿರುಗಿದೆ.”

“ಏನು ಹೇಳಿದ್ಲು?”

“ಗೊತ್ತಿಲ್ಲ ಆಂಟಿ. ಇವತ್ತಿಗೂ ಗೊತ್ತಿಲ್ಲ.”

ಇಷ್ಟೇ. ಸೀರಿಯಲ್ಲಿನವರಾದರೆ ಮಂಡಿಯೂರುತ್ತಾರೆ, ಹಣೆ ನೆಲಕ್ಕೆ ಹಚ್ಚುತ್ತಾರೆ. ಇವಳು ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ಮಳೆ ಇತ್ತು, ರಸ್ತೆ ಕತ್ತಲಿತ್ತು, ಲಾರಿಗೆ ದೀಪ ಇರಲಿಲ್ಲ ಅಂತ ಒಂದು ಮಾತು ಸೇರಿಸಲಿಲ್ಲ. ನನಗೆ ಕೇಳಲು ಇನ್ನೇನೂ ಉಳಿಯಲಿಲ್ಲ. ಸುಮ್ಮನೆ ಬರಲಾಗದೆ, ಆ ಸೂಪಿನ ಕಥೆಯ ಬಗ್ಗೆ ಪುಟ್ಟಿ ಏನನ್ನುತ್ತಿದ್ದಳು ಅಂತ ಕೇಳಿದೆ. ನಾನು ಯಾಕೆ ಕೇಳಿದೆನೋ.

ಅವಳು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದಳು. ಆಮೇಲೆ ಹೇಳಿದಳು. “ಜಗಳ ಆಡ್ತಿದ್ವಿ ಆಂಟಿ. ನಾನು ಪಾಪ ಆ ಹುಡುಗಿ ಅಂತಿದ್ದೆ. ಪುಟ್ಟಿ ಬಿಡ್ತಿರ್ಲಿಲ್ಲ. ಆ ಅಜ್ಜಿ ಅವಳನ್ನ ಯಾವತ್ತೂ ಕ್ಷಮಿಸ್ಬಾರ್ದು ಅಂತಿದ್ಲು.”

ಇದನ್ನೂ ಹೇಳಿದಳು ಅಕ್ಕ. ತನ್ನ ಮೇಲೇ ಬೀಳುವ ಮಾತು ಅಂತ ಗೊತ್ತಿದ್ದೂ.

ಮನೆಗೆ ಬಂದು ಅದನ್ನೇ ಯೋಚಿಸಿದೆ. ಕ್ಷಮಿಸಬೇಡ ಅಂತ ಮಗಳೇ ಅಪ್ಪಣೆ ಕೊಟ್ಟು ಹೋಗಿದ್ದಾಳೆ, ಇನ್ನೇನು, ಅಂದುಕೊಂಡೆ. ಹಾಯೆನಿಸಬೇಕಿತ್ತು. ಎನಿಸಲಿಲ್ಲ. ಪುಟ್ಟಿಗೆ ಇಪ್ಪತ್ತೆರಡು. ಆ ವಯಸ್ಸಿನಲ್ಲಿ ಎಲ್ಲರೂ ಯಾರನ್ನೂ ಕ್ಷಮಿಸಬಾರದು ಅಂತಲೇ ಅನ್ನುತ್ತಾರೆ. ನಾನು ಅನ್ನುತ್ತಿರಲಿಲ್ಲವಾ? ನೀನು ಮಠಕ್ಕೆ ಸೇರಿದ ವರ್ಷ ನಿನ್ನ ಮುಖ ನೋಡುವುದಿಲ್ಲ ಅಂದಿದ್ದೆ. ಅವಳಿಗೆ ಇನ್ನೂ ವಯಸ್ಸಾಗಬೇಕಿತ್ತು, ಆಗಲಿಲ್ಲ. ಅವಳ ಆ ಮಾತನ್ನೇ ಕೊನೆಯ ಮಾತು ಅಂತ ಹಿಡಿದುಕೊಂಡರೆ ಅವಳನ್ನು ಅಲ್ಲೇ ನಿಲ್ಲಿಸಿದ ಹಾಗೆ ಆಗುತ್ತದೇನೋ. ಸರಿಯಾಗಿ ಹೇಳಲು ಬರುತ್ತಿಲ್ಲ.

ಶುಕ್ರವಾರ ಸೂಪರ್‌ವೈಸರಿಗೆ, “ಸೋಮವಾರ ಬೇರೆ ಜೋಡಿ ಬೇಡ,” ಅಂದೆ. “ಅವಳು ಬಿಡ್ತಾಳಲ್ಲಮ್ಮ,” ಅಂದ. “ಬಿಡಲ್ಲ,” ಅಂದೆ. ಅವಳನ್ನು ಕೇಳಿರಲಿಲ್ಲ. ಅವಳು ಅಲ್ಲೇ ಇಸ್ತ್ರಿ ರೋಲರಿನ ಹತ್ತಿರ ನಿಂತಿದ್ದಳು, ಕೇಳಿಸಿರಬೇಕು. ಆಮೇಲೆ ನಾನೇ ಹೋಗಿ, ಭಾನುವಾರ ಊಟಕ್ಕೆ ಮನೆಗೆ ಬಾ ಅಂದೆ. ಅವಳು ರೋಲರಿಗೆ ಇನ್ನೊಂದು ಶೀಟು ಕೊಟ್ಟಳು.

ನಿನ್ನೆ ಬಂದಿದ್ದಳು. ನಡೆದುಕೊಂಡೇ ಬಂದಳು, ಅಷ್ಟು ದೂರದಿಂದ. ಈಗ ಯಾವ ಗಾಡಿಯನ್ನೂ ಹತ್ತುವುದಿಲ್ಲವಂತೆ, ಬಸ್ಸೂ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತಳು. ಪುಟ್ಟಿಯ ಫೋಟೋ ಇರುವ ಗೋಡೆಯ ಕಡೆ ಒಂದು ಸಲ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಊಟ ಹಾಕಿದೆ. ಉಪ್ಪು ಜಾಸ್ತಿಯಾಗಿತ್ತು, ಹೇಳದೆ ಉಂಡಳು.

ಅಕ್ಕ, ನಾನು ಅವಳಿಗೆ ಕ್ಷಮಿಸಿದೆ ಅಂತ ಹೇಳಲಿಲ್ಲ. ಹಾಗೆ ಏನೂ ಅನಿಸುತ್ತಿಲ್ಲ. ಬಡಿಸುವಾಗ ಕೈ ನನ್ನದಲ್ಲ ಅನ್ನುವ ಹಾಗೇ ಇತ್ತು. ಏನೂ ಅನಿಸದೆ ಮಾಡಿದ್ದು ದೇವರ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ, ದೊಡ್ಡ ಸಿಸ್ಟರನ್ನು ಕೇಳಿ ತಿಳಿಸು. ಬರುವುದಿಲ್ಲ ಅಂದರೂ ತಿಳಿಸು, ಮುಚ್ಚಿಡಬೇಡ.

ತಟ್ಟೆ ತೊಳೆದಿಟ್ಟ ಮೇಲೆ ಅವಳು ಬಾಗಿಲ ಹತ್ತಿರ ಹೋಗಿ ನಿಂತಳು.

“ಹೊರಡ್ಲಾ ಆಂಟಿ?”

“ಯಾಕೆ, ಮನೇಲಿ ಏನಾದ್ರೂ ಕೆಲಸ ಇದೆಯಾ?”

“ಏನೂ ಇಲ್ಲ.”

“ಮತ್ತೆ ಕೂತ್ಕೋ,” ಅಂದೆ.

ಬಂದು ಕೂತಳು. ಈ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ಸಾಯಂಕಾಲದವರೆಗೂ ಇದ್ದಳು.

ನಿನ್ನ
ತಂಗಿ